ಪಿಯುಸಿ ಅಂಕಗಳನ್ನು ಅಮೆರಿಕದ ಕಾಲೇಜಿಗೆ ತಿಳಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹಾಸನದವರು. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣ) ಮೂಲಕ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 588, ಪ್ರಥಮ ಪಿಯುಸಿಯಲ್ಲಿ 600ಕ್ಕೆ 432 ಅಂಕ ಬಂದಿವೆ. ಶೇ 72 ಎಂದರೆ ಜಿಪಿಎ (ಅಮೆರಿಕದಲ್ಲಿ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 2.88, ಅದನ್ನೇ ನಮೂದಿಸಿ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಒಂಬತ್ತನೆಯ ತರಗತಿಯ ಪ್ರಗತಿಪತ್ರ ಕನ್ನಡದಲ್ಲಿದೆ. ಏನು ಮಾಡಬೇಕು?

ಉತ್ತರ: ನಮಸ್ಕಾರ ಸರ್. ದಯವಿಟ್ಟು 2.88 ಎಂದು ಬರೆಯಬೇಡಿ. ಅಂಕವನ್ನು ನೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸುವ ಈ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ. ಅಲ್ಲಿನ ಬಹುತೇಕ ಶಾಲೆಗಳಲ್ಲಿ 90ರ ಮೇಲೆ ‘ಎ’, ಎಪ್ಪತ್ತರ ಆಸುಪಾಸಿನಲ್ಲಿ ‘ಸಿ’ ಕೊಡುವುದರಿಂದ, ನಮ್ಮಲ್ಲಿ ಪ್ರಥಮ ದರ್ಜೆಯಾಗುವ 72, ವಿವರಣೆಯಿಲ್ಲದೆ ಹೋದರೆ ಸಾಧಾರಣವಾಗಿ ಕಾಣುತ್ತದೆ. ಮಗಳ ಪಿಯು ಕಾಲೇಜು ಜಿಪಿಎ ಕೊಡದಿದ್ದರೆ ಅರ್ಜಿಯ ಆ ಅಂಕಣದಲ್ಲಿ ‘ಇಲ್ಲ’ ಎಂಬುದನ್ನು ಆರಿಸಿ, ಅಂಕಪಟ್ಟಿಯಲ್ಲಿ ಇರುವಂತೆಯೇ ಅಂಕಗಳನ್ನು ಕೊಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಅಂಕಗಳನ್ನು ಪರಿವರ್ತಿಸಬಾರದೆಂದೇ ಹೇಳುತ್ತದೆ.

ವಿವರಣೆ ಕೊಡಬೇಕಾದದ್ದು ಪಿಯು ಕಾಲೇಜು. ಅಂಕಪಟ್ಟಿಯ ಜೊತೆಗೆ ಕಾಲೇಜನ್ನೂ ಅಲ್ಲಿನ ಅಂಕ ಪದ್ಧತಿಯನ್ನೂ ಪರಿಚಯಿಸುವ ಒಂದೆರಡು ಪುಟಗಳ ‘ಸ್ಕೂಲ್ ಪ್ರೊಫೈಲ್’ ಹೋಗಬೇಕು. ನಮ್ಮ ಪಿಯು ಕಾಲೇಜುಗಳಲ್ಲಿ ಹೆಚ್ಚಿನವು ಇದರ ಹೆಸರನ್ನೇ ಕೇಳಿರುವುದಿಲ್ಲವಾದ್ದರಿಂದ, ನೀವೇ ಕರಡು ಸಿದ್ಧಪಡಿಸಿಕೊಂಡು ಪ್ರಾಂಶುಪಾಲರನ್ನು ಕಾಣುವುದು ಒಳ್ಳೆಯದು. ಇಂಥ ದಾಖಲೆಗಳನ್ನು ಕಳುಹಿಸುವ ಕೌನ್ಸೆಲರ್ ಇಲ್ಲದ ಕಡೆ ಪ್ರಾಂಶುಪಾಲರೋ ಹಿರಿಯ ಉಪನ್ಯಾಸಕರೋ ಆ ಸ್ಥಾನದಲ್ಲಿ ನಿಂತು ಕಳುಹಿಸಬಹುದು. ಶೇ 60ರಿಂದ ಪ್ರಥಮ ದರ್ಜೆ, ಶೇ 85ರಿಂದ ಡಿಸ್ಟಿಂಕ್ಷನ್, ಆ ವರ್ಷ ಜಾರಿಯಲ್ಲಿದ್ದ ಉತ್ತೀರ್ಣ ಮಟ್ಟ ಇಷ್ಟು ಎಂದು ಅದರಲ್ಲಿರಲಿ. ಇದಕ್ಕಿಂತ ಮುಖ್ಯವಾಗಿ, ಮಗಳ ತಂಡದ ವಿಜ್ಞಾನ ವಿಭಾಗದಲ್ಲಿ ಪ್ರಥಮ ಪಿಯುಸಿಯ ಗರಿಷ್ಠ ಅಂಕ ಎಷ್ಟು, ಶೇ 85 ದಾಟಿದವರು ಎಷ್ಟು ಮಂದಿ ಎಂಬುದು ಇರಲಿ, ಏಕೆಂದರೆ 432ರ ನಿಜವಾದ ಬೆಲೆ ತಿಳಿಯುವುದು ಅದರಿಂದಲೇ.

ಅಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷದ ದಾಖಲೆ ಕೇಳುತ್ತಾರೆ. ನಮ್ಮಲ್ಲಿ ಅದು ಪ್ರೌಢಶಾಲೆ, ಪಿಯು ಕಾಲೇಜು ಎಂದು ಎರಡು ಕಡೆ ಹಂಚಿಹೋಗಿರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಎರಡೂ ಸಂಸ್ಥೆಗಳನ್ನು ನಮೂದಿಸಿ, ಒಂಬತ್ತನೆಯ ತರಗತಿಯ ಪ್ರಗತಿಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಮೊಹರು ಪಡೆದು, ದೃಢೀಕೃತ ಇಂಗ್ಲಿಷ್ ಅನುವಾದವನ್ನು ಲಗತ್ತಿಸಿ. ಡಬ್ಲ್ಯುಇಎಸ್‌ನಂಥ ವಿದೇಶಿ ಅಂಕಪಟ್ಟಿ ಅಳೆದು ಹೇಳುವ ಸಂಸ್ಥೆಗಳ ಮೌಲ್ಯಮಾಪನಕ್ಕೆ ಅಮೆರಿಕದ ಕಾಲೇಜು ಕೇಳಿದರೆ ಮಾತ್ರ ಹಣ ಕಟ್ಟಿ.

ಪ್ರಶ್ನೆ: ಧನ್ಯವಾದ ಮೇಡಂ. ಹತ್ತರವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಇಂಗ್ಲಿಷ್. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಫೇಲಾಗುವಷ್ಟು ಕಷ್ಟವಾಯಿತು. ಇದನ್ನು ಬರೆಯಬಹುದೇ?

ಉತ್ತರ: ಅಗತ್ಯವಾಗಿ ಬರೆಯಿರಿ, ಇದನ್ನು ನೀವು ಮೊದಲೇ ಹೇಳಬೇಕಿತ್ತು! ಹೆಚ್ಚುವರಿ ಮಾಹಿತಿಯ ಭಾಗದಲ್ಲಿ ಮಗಳೇ ಮೂರು ನಾಲ್ಕು ವಾಕ್ಯಗಳಲ್ಲಿ, ಗೋಳಿಲ್ಲದೆ, ಮಾಧ್ಯಮ ಬದಲಾದದ್ದನ್ನೂ ಕಿರುಪರೀಕ್ಷೆಯಿಂದ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಭೌತಶಾಸ್ತ್ರದ ಅಂಕ ಎಷ್ಟರಿಂದ ಎಷ್ಟಕ್ಕೆ ಏರಿತೆಂಬುದನ್ನೂ ಬರೆಯಲಿ. ಅದೇ ವಿಷಯದ ಉಪನ್ಯಾಸಕರು ಶಿಫಾರಸು ಪತ್ರ ಕೊಟ್ಟರೆ ಆ ಮಾತಿಗೆ ಬಲ ಬರುತ್ತದೆ. ಅರ್ಜಿಯ ಗಡುವು ಸಾಮಾನ್ಯವಾಗಿ ನವೆಂಬರ್ ಅಥವಾ ಜನವರಿಯಲ್ಲಿ ಮುಗಿಯುತ್ತದೆ, ಬೋರ್ಡ್ ಫಲಿತಾಂಶ ಬರುವುದು ಆಮೇಲೆ. ಹೀಗಾಗಿ ದ್ವಿತೀಯ ಪಿಯುಸಿಯ ಮಧ್ಯವಾರ್ಷಿಕ ಅಂಕಗಳನ್ನೂ ನಿರೀಕ್ಷಿತ ಅಂಕಗಳನ್ನೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಈಗಲೇ ಕೇಳಿಡಿ.