ಪವರ್ ‘ತಗ್ಗಿಸು’, ‘ಕುಗ್ಗಿಸು’: ಹ್ಯಾಮ್ ರೇಡಿಯೊ ಬರಹಕ್ಕೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಹ್ಯಾಮ್ ರೇಡಿಯೊ (ಹವ್ಯಾಸಿಗಳ ರೇಡಿಯೊ ಸಂಪರ್ಕ) ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ರೇಡಿಯೊ ಹೊರಗೆ ಕಳಿಸುವ ಪವರನ್ನು ಕಡಿಮೆ ಮಾಡುವ ಅಧ್ಯಾಯಕ್ಕೆ ಕೆಲವು ಪದಗಳು ಬೇಕು. ನಿಮ್ಮ ಅಭಿಪ್ರಾಯ ತಿಳಿಸಿ.

ಮೊದಲು ‘ಪವರ್’. ಶಾಲೆಯ ಪಾಠಗಳಲ್ಲಿ ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಎಂದಿದೆ. ಆದರೆ ‘ರೇಡಿಯೊದ ಸಾಮರ್ಥ್ಯ ತಗ್ಗಿಸಿ’ ಎಂದರೆ ರೇಡಿಯೊವನ್ನೇ ದುರ್ಬಲ ಮಾಡಿದಂತೆ ಕೇಳುತ್ತದೆ, ಅಲ್ವಾ? 100 ವಾಟ್ ಸಾಮರ್ಥ್ಯದ ರೇಡಿಯೊವನ್ನು 5 ವಾಟ್‌ಗೆ ಇಟ್ಟರೂ ಅದರ ಸಾಮರ್ಥ್ಯ 100 ವಾಟೇ. ಶಕ್ತಿ ಎಂದರೆ ಎನರ್ಜಿಯ ಜೊತೆ ಗೊಂದಲ. ಹಾಗಾಗಿ ಪವರ್ ಎಂದೇ ಉಳಿಸಿಕೊಂಡಿದ್ದೇನೆ.

‘ಪ್ರಸಾರ’ ಪದವನ್ನೂ ಕೈಬಿಟ್ಟಿದ್ದೇನೆ. ಅದು ಬಾನುಲಿ ಕೇಂದ್ರಗಳ ಕೆಲಸ. ಹ್ಯಾಮ್‌ಗಳು ಒಬ್ಬರೊಡನೊಬ್ಬರು ಮಾತಾಡುತ್ತಾರೆ, ಸಾರ್ವಜನಿಕರಿಗೆ ಬಿತ್ತರಿಸಲು ಅವರಿಗೆ ಅನುಮತಿಯಿಲ್ಲ. ‘ರವಾನೆ’ ಸಾಕು ಅನಿಸುತ್ತದೆ.

ನನ್ನ ಮುಖ್ಯ ಪ್ರಶ್ನೆ ಇರುವುದು ಕ್ರಿಯಾಪದದ ಬಗ್ಗೆ. ಪವರ್ ಕಡಿಮೆ ಮಾಡುವುದಕ್ಕೆ ಎರಡು ದಾರಿಗಳಿವೆ. ಒಂದು, ರೇಡಿಯೊದ ಪವರ್ ಗುಂಡಿಯನ್ನು ತಿರುಗಿಸಿ ಕಡಿಮೆ ವಾಟ್ ಹುಟ್ಟುವಂತೆ ಮಾಡುವುದು. ಇನ್ನೊಂದು, ಹುಟ್ಟಿದ ಪವರನ್ನು ದಾರಿಯಲ್ಲಿ ಅಟೆನ್ಯುಯೇಟರ್ (ಸಿಗ್ನಲ್‌ನ ಬಲ ಕಡಿಮೆ ಮಾಡುವ ಸಾಧನ) ಇಟ್ಟು ತಡೆಯುವುದು. 10 ಡೆಸಿಬೆಲ್‌ನ ಅಟೆನ್ಯುಯೇಟರ್‌ಗೆ 100 ವಾಟ್ ಕೊಟ್ಟರೆ ಆಚೆ ಬರುವುದು 10 ವಾಟ್. ಉಳಿದ 90 ವಾಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಆಂಟೆನಾ ದಾರಿಯಲ್ಲಿ ಇಟ್ಟರೆ ಒಳಬರುವ ಸಿಗ್ನಲ್ಲೂ ಅಷ್ಟೇ ಕಡಿಮೆಯಾಗುತ್ತದೆ. ಗುಂಡಿ ತಿರುಗಿಸಿದರೆ ಹಾಗಾಗುವುದಿಲ್ಲ. ಹಾಗಿದ್ದರೂ ಸುಮ್ನೆ ಯಾರೂ ಅಟೆನ್ಯುಯೇಟರ್ ಇಡುವುದಿಲ್ಲ. ಕೆಲವು ರೇಡಿಯೊಗಳಲ್ಲಿ ಗುಂಡಿ ಇಳಿಸಿದ್ದರೂ ಮಾತು ಶುರುವಾದ ಕ್ಷಣ ಪವರ್ ಚಿಮ್ಮುತ್ತದೆ. ಮುಂದೆ ಸಣ್ಣ ಇನ್‌ಪುಟ್ ಬೇಡುವ ಆಂಪ್ಲಿಫೈಯರ್ (ಪವರ್ ಹೆಚ್ಚಿಸುವ ಸಾಧನ) ಇದ್ದರೆ ಆ ಚಿಮ್ಮುವಿಕೆಗೇ ಅದು ಸುಟ್ಟುಹೋಗಬಹುದು.

ಇಷ್ಟು ಬೇರೆಬೇರೆ ಕೆಲಸಗಳಿಗೆ ಒಂದೇ ‘ಕಡಿಮೆ ಮಾಡು’ ಸಾಲದು. ಗುಂಡಿಗೆ ‘ತಗ್ಗಿಸು’, ಅಟೆನ್ಯುಯೇಟರ್‌ಗೆ ‘ಕುಗ್ಗಿಸು’ ಎಂದು ಬಳಸಿದ್ದೇನೆ. ಉದ್ದ ಕೇಬಲ್‌ನಲ್ಲಿ ಸಿಗ್ನಲ್ ತಾನಾಗಿ ಕ್ಷೀಣಿಸುವುದಕ್ಕೆ ‘ಕುಗ್ಗು’ ಸಹಜವಾಗಿ ಸಿಗುತ್ತದೆ. ‘ಇಳಿಸು’ ಮಾತಿನಲ್ಲಿ ಜಾಸ್ತಿ ಬಳಕೆಯಲ್ಲಿದೆ, ನಿಜ. ಆದರೆ ‘ಆಂಟೆನಾ ಇಳಿಸು’ ಎಂಬುದೂ ಅದೇ ಪುಟದಲ್ಲಿ ಬರುತ್ತದೆ. ಈ ಹಂಚಿಕೆ ಓದುಗರಿಗೆ ಒಪ್ಪಿಗೆಯಾಗುತ್ತದೆಯೇ?

ಇನ್ನೊಂದು, ‘ಕ್ಯೂಆರ್‌ಪಿ’. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಸಂದೇಶ ಕಳಿಸುವಾಗ ಬಳಸುವ ಈ ಕಿರುಪದಕ್ಕೆ ‘ಪವರ್ ತಗ್ಗಿಸಿ’ ಎಂದರ್ಥ. ಮುಂದೆ ಪ್ರಶ್ನೆ ಚಿಹ್ನೆ ಬಂದರೆ ‘ತಗ್ಗಿಸಲೇ?’. ಇದಕ್ಕೆದುರಾದ ‘ಏರಿಸಿ’ಗೆ ಕ್ಯೂಆರ್‌ಒ. ಈಗ ಹ್ಯಾಮ್‌ಗಳು ಕ್ಯೂಆರ್‌ಪಿಯನ್ನು ಹೆಸರುಪದವಾಗಿಯೂ ಬಳಸುತ್ತಾರೆ. ಮೋರ್ಸ್‌ನಲ್ಲಿ ಸಾಮಾನ್ಯವಾಗಿ 5 ವಾಟ್ ಅಥವಾ ಅದಕ್ಕಿಂತ ಕಡಿಮೆ ಪವರ್‌ನಲ್ಲಿ ಸಂಪರ್ಕ ಮಾಡುವ ಹವ್ಯಾಸ ಅದು. ನನಗೆ ತುಂಬ ಇಷ್ಟವಾದದ್ದು ಕೂಡ. 100ರಿಂದ 5 ವಾಟ್‌ಗೆ ಬಂದರೆ 13 ಡೆಸಿಬೆಲ್ ಇಳಿಕೆ. ಕೇಳುವವರ ಮೀಟರಿನಲ್ಲಿ ಅದು ಸಿಗ್ನಲ್ ಬಲ ತೋರಿಸುವ ಎರಡು ‘ಎಸ್’ ಅಂಕಕ್ಕಿಂತ ಚೂರು ಜಾಸ್ತಿ, ಅಷ್ಟೇ. ಇದನ್ನು ‘ಕಿರುಪವರ್’ ಎನ್ನಲೇ, ಕ್ಯೂಆರ್‌ಪಿ ಎಂದೇ ಬಿಡಲೇ?

ಅಟೆನ್ಯುಯೇಟರ್‌ಗೆ ಒಬ್ಬ ಗೆಳೆಯರು ‘ಕುಗ್ಗುಕ’ ಸೂಚಿಸಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ‘ತಾನೇ ಕುಗ್ಗುವಂಥದ್ದು’ ಎಂಬ ಅರ್ಥ ಬರುವುದಿಲ್ಲವೇ? ವ್ಯಾಕರಣ ಬಲ್ಲವರು ದಯವಿಟ್ಟು ತಿಳಿಸಿ.