ಅಪ್‌ಡೇಟ್: ಬೈರೂತ್‌ನಲ್ಲಿದ್ದ ನನ್ನ ತಮ್ಮ ಫೋನಿಗೆ ಸಿಕ್ಕ

ಲೆಬನಾನಿನ ರಾಜಧಾನಿ ಬೈರೂತ್‌ನ ಬಂದರಿನಲ್ಲಿ ಸ್ಫೋಟ ಆದಾಗ ಅಷ್ಟು ದೂರದ ಮನೆಗಳಲ್ಲೂ ಜನರಿಗೆ ಗಾಜು ಚುಚ್ಚಿದ್ದು ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಚಿಕ್ಕಪ್ಪನ ಮಗ ಕೊನೆಗೂ ಸಿಕ್ಕ. ಆರಾಮಿದ್ದಾನೆ. 2020ರ ಆಗಸ್ಟ್ 4ರ ಸಂಜೆ ಬಂದರಿನ ಗೋದಾಮಿಗೆ ಬೆಂಕಿ ಬಿದ್ದಾಗ ಎಲ್ಲರೂ ಮೊಬೈಲ್ ಹಿಡ್ಕೊಂಡು ಕಿಟಕಿಗೆ ಬಂದಿದ್ದರಂತೆ. ದೊಡ್ಡ ಸಿಡಿತದ ಬೆಳಕು ಮೊದಲು ಕಂಡಿತು, ಗಾಳಿಯ ಹೊಡೆತ ಕೆಲವು ಸೆಕೆಂಡ್ ತಡವಾಗಿ ಬಂತು. ನೋಡ್ತಾ ನಿಂತವರ ಮುಖಕ್ಕೇ ಗಾಜು. ಮರುದಿನ ಹುಡುಗ ಹುಡುಗಿಯರು ಪೊರಕೆ, ಸಲಿಕೆ ತಂದು ತಾವೇ ಬೀದಿ ಗುಡಿಸಿದರಂತೆ, ಇವನೂ ಹೋಗಿದ್ದ. ಕಾಲಿಟ್ಟಲ್ಲೆಲ್ಲ ಬೂಟಿನಡಿ ಕರಕರ.

2,750 ಟನ್ ಅಮೋನಿಯಂ ನೈಟ್ರೇಟ್ (ಗೊಬ್ಬರಕ್ಕೂ ಗಣಿ ಸಿಡಿಮದ್ದಿಗೂ ಬಳಸೋ ರಾಸಾಯನಿಕ), ವರ್ಷಗಟ್ಟಲೆ ಆ ಗೋದಾಮಿನಲ್ಲೇ ಬಿದ್ದಿತ್ತು! ನಮ್ಮ ಸಂಡೂರಿನ ಕಡೆ ಗಣಿ ಬ್ಲಾಸ್ಟಿಂಗ್ ಅಂದ್ರೆ ಸೈರನ್ ಊದಿ, ಜನರನ್ನ ಸರಿಸಿ ಆಮೇಲೆ ಹೊಡೀತಾರೆ. ಊರ ಪಕ್ಕದಲ್ಲೇ ಪೇರಿಸಿಟ್ಟವರಿಗೆ ಏನನ್ನಬೇಕೋ. ಚಿಕ್ಕಮ್ಮ ಈಗ ಬಳ್ಳಾರಿಗೆ ಬಂದುಬಿಡು ಅಂತ ಹಟ ಹಿಡಿದಾಳೆ, ಅವನು ಹ್ಞೂಂ ಅಂದಿಲ್ಲ.