ಸಬ್ಲೈಮ್ ಟೆಕ್ಸ್ಟ್‌ಗೆ 99 ಡಾಲರ್ ಕೊಡುವುದು ಸರಿಯೇ? ಅನುಭವಸ್ಥರು ತಿಳಿಸಿ

ಪ್ರಶ್ನೆ: ಕೇಶ್ವಾಪುರ, ಹುಬ್ಬಳ್ಳಿ

ನಾನು ಹುಬ್ಬಳ್ಳಿಯ ಒಂದು ಸಣ್ಣ ಸಂಸ್ಥೆಯಲ್ಲಿ ಪಿಎಚ್‌ಪಿ ಮತ್ತು ಪೈಥಾನ್ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಮಾಡುತ್ತೇನೆ. ಕೋಡ್ ಬರೆಯಲು, ತಿದ್ದಲು ಬಳಸುವ ಎಡಿಟರ್ ತಂತ್ರಾಂಶವಾದ ಸಬ್ಲೈಮ್ ಟೆಕ್ಸ್ಟ್ 4 ಅನ್ನು ಇದುವರೆಗೆ ಹಣ ಕೊಡದೆ ಬಳಸಿದ್ದೇನೆ. ಕಡತ ಉಳಿಸುವಾಗ ಆಗಾಗ ಬರುವ ‘ಕೊಂಡುಕೊಳ್ಳಿ’ ಎಂಬ ಪಾಪ್‌ಅಪ್ ಈಚೆಗೆ ಮುಜುಗರ ತರುತ್ತಿದೆ. ವೈಯಕ್ತಿಕ ಲೈಸೆನ್ಸಿಗೆ 99 ಡಾಲರ್. ಮಾಲೀಕರನ್ನು ಕೇಳಿದರೆ “ಪುಕ್ಕಟೆ ಸಿಗೋದು ಬಿಟ್ಟು ರೊಕ್ಕ ಯಾಕ ಕೊಡಬೇಕ್ರಿ?” ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್ಯಾಮ್ ಇದೆ, ಪ್ರಾಜೆಕ್ಟುಗಳು ದೊಡ್ಡವಲ್ಲ. ಸ್ವಂತ ಹಣದಲ್ಲಿ ಕೊಂಡರೆ ಕಚೇರಿಯಲ್ಲೂ ಬಳಸಬಹುದೇ? ಕೊಂಡವರೂ ಕೊಳ್ಳದೆ ಬಿಟ್ಟವರೂ ದಯವಿಟ್ಟು ಹೇಳಿ.

ಬೆಟಗೇರಿ ಮುದ್ರಕ, ಗದಗ:

ನಾನು 2014ರಲ್ಲಿ ಕೊಂಡವನು. ಆಗ ಬೆಲೆ 70 ಡಾಲರ್, ಡಾಲರಿಗೆ ಸುಮಾರು 61 ರೂಪಾಯಿ, ಅಂದರೆ 4,270 ರೂಪಾಯಿ. ನನ್ನ ಡೆಬಿಟ್ ಕಾರ್ಡು ವಿದೇಶಿ ಪಾವತಿಗೆ ಒಪ್ಪದ ಕಾರಣ ಪುಣೆಯಲ್ಲಿದ್ದ ಭಾವಮೈದುನನ ಕ್ರೆಡಿಟ್ ಕಾರ್ಡಿನ ಮೊರೆ ಹೋಗಬೇಕಾಯಿತು. ಅದರ ಮೇಲೆ ಬ್ಯಾಂಕು ಹಾಕಿದ ವಿನಿಮಯ ಶುಲ್ಕವನ್ನು ಅವನು ಹಬ್ಬಕ್ಕೆ ಬಂದಾಗಲೆಲ್ಲ ಇಂದಿಗೂ ಎತ್ತಿ ಆಡುತ್ತಾನೆ.

ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿಟ್ಟ ಪುಸ್ತಕಗಳನ್ನು ಯೂನಿಕೋಡಿಗೆ ತರುವುದು ನಮ್ಮ ಮುದ್ರಣಾಲಯದಲ್ಲಿ ನನ್ನ ಕೆಲಸ. ಆ ಕಡತಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಮೇಲಾಗಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿಯೇ, ವ್ಯಂಜನವಾದ ಮೇಲೆ ಬರುತ್ತದೆ. ‘ಧರ್ಮ’ ಎಂಬುದು ಅಲ್ಲಿ ಧ, ಮ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿಯಾದರೆ ಧ, ರ, ಹಲಂತ, ಆಮೇಲೆ ಮ. ಪರಿವರ್ತಕ ತಂತ್ರಾಂಶ ಬಿಟ್ಟುಹೋದ ಇಂಥ ತಪ್ಪುಗಳನ್ನು, ಅಕ್ಷರಗಳ ವಿನ್ಯಾಸ ಹೇಳಿ ಹುಡುಕಿಸುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಿಂದ ಹುಡುಕಿ ಅದಲುಬದಲು ಮಾಡಬೇಕು. ಒಂದು ನಿಘಂಟಿನ ಇಡೀ ಕಡತವನ್ನು ತೆರೆದು, ತಪ್ಪಿದ್ದ ಪ್ರತಿಯೊಂದು ಜಾಗದಲ್ಲೂ ಏಕಕಾಲಕ್ಕೆ ಕರ್ಸರ್ ನಿಲ್ಲಿಸಿ ಒಂದೇ ಏಟಿಗೆ ತಿದ್ದಿದ ದಿನವೇ ನನ್ನ ಹಣ ವಸೂಲಾಯಿತು. ಅದಕ್ಕೆ ಮೊದಲು ಬಳಸುತ್ತಿದ್ದ ಎಡಿಟರ್ ಆ ಕಡತವನ್ನು ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು.

ಆದರೂ ಬೆಲೆಯ ವಿಷಯದಲ್ಲಿ ನನಗೆ ಅಸಮಾಧಾನವಿದೆ. 2017ರಲ್ಲಿ ಅದು 80 ಡಾಲರ್ ಆಯಿತು, 2021ರ ಮೇ ತಿಂಗಳಲ್ಲಿ ನಾಲ್ಕನೆಯ ಆವೃತ್ತಿಯೊಂದಿಗೆ 99 ಆಯಿತು. ಅಲ್ಲಿಂದ ಮುಂದೆ ಲೈಸೆನ್ಸು ಕೊಂಡ ದಿನದಿಂದ ಮೂರು ವರ್ಷಗಳ ಅಪ್‌ಡೇಟುಗಳಿಗೆ ಮಾತ್ರ ಎಂಬ ನಿಯಮ ಬಂದಿತು. ನನ್ನ ಹಳೆಯ ಲೈಸೆನ್ಸ್ ಕೀ ನಾಲ್ಕನೆಯ ಆವೃತ್ತಿಗೆ ನಡೆಯುವುದಿಲ್ಲ. ಮತ್ತೆ ಹಣ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮೂರನೆಯ ಆವೃತ್ತಿ ಇಂದಿಗೂ ನನ್ನ ಮೇಜಿನ ಮೇಲೆ ಓಡುತ್ತಿದೆ.

ವಿದ್ಯಾನಗರ, ಹುಬ್ಬಳ್ಳಿ:

ಹಿರಿಯರು 2014ರ ಕಥೆ ಹೇಳಿದ್ದಾರೆ. ಮೈಕ್ರೋಸಾಫ್ಟ್ 2015ರಲ್ಲಿ ವಿಎಸ್ ಕೋಡ್ ಎಂಬ ಉಚಿತ ಎಡಿಟರನ್ನು ತಂದಮೇಲೆ ಈ ಪ್ರಶ್ನೆಯೇ ಉಳಿದಿಲ್ಲ. ತಪ್ಪು ಹುಡುಕುವ ಡಿಬಗರ್, ಆಜ್ಞೆ ಟೈಪಿಸುವ ಟರ್ಮಿನಲ್, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್, ದೂರದ ಸರ್ವರಿನಲ್ಲಿ ನೇರವಾಗಿ ಕೆಲಸ ಮಾಡುವ ಸೌಲಭ್ಯ, ಎಲ್ಲವೂ ಉಚಿತ.

ಹಣ ಕೊಟ್ಟು ಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. ಬೇರೊಂದು ಎಡಿಟರಿಗೆ ವಾರ್ಷಿಕ ಚಂದಾ ಕಟ್ಟುತ್ತಿದ್ದೆ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದು, ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ಪಾವತಿಗಳಿಗೆ ಪ್ರತ್ಯೇಕ ಒಪ್ಪಿಗೆ ಬೇಕಾಯಿತು. ನನ್ನ ಬ್ಯಾಂಕು ಆ ಪಾವತಿಯನ್ನು ಸದ್ದಿಲ್ಲದೆ ತಿರಸ್ಕರಿಸಿತು. ಚಂದಾ ಮುಗಿದದ್ದು ನನಗೆ ತಿಳಿದದ್ದು ಗಿರಾಕಿಯ ಮುಂದೆ ಕುಳಿತು ಪ್ರಾಜೆಕ್ಟು ತೆರೆದಾಗ. ಬ್ಯಾಂಕಿಗೆ ಹೋದರೆ ಕಂಪನಿಯನ್ನು ಕೇಳಿ ಎಂದರು, ಕಂಪನಿಗೆ ಬರೆದರೆ ಬ್ಯಾಂಕನ್ನು ಕೇಳಿ ಎಂದರು. ನಾಲ್ಕು ಸಾಲು ಕೋಡ್ ಬರೆಯಲು ಇಷ್ಟು ತೊಂದರೆ ಯಾರಿಗೆ ಬೇಕು? ತಂಗೀ, ಹಣವನ್ನು ರ್ಯಾಮಿಗೆ ಹಾಕಿರಿ.

ಬ್ಯಾಡಗಿ ಲೆಕ್ಕ, ಹಾವೇರಿ ಜಿಲ್ಲೆ:

ವಿದ್ಯಾನಗರದವರು ಚಂದಾದ ಸಿಟ್ಟನ್ನು ಒಂದೇ ಸಲ ಕೊಳ್ಳುವ ಸರಕಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. ಸಬ್ಲೈಮಿನ ವೈಯಕ್ತಿಕ ಲೈಸೆನ್ಸಿನಲ್ಲಿ ತಾನಾಗಿಯೇ ಕಡಿತವಾಗುವುದು ಏನೂ ಇಲ್ಲ. ಮೂರು ವರ್ಷವಾದ ಮೇಲೆ ಹೊಸ ಆವೃತ್ತಿಗಳು ಸಿಗುವುದಿಲ್ಲ ಅಷ್ಟೆ, ಕೈಯಲ್ಲಿರುವುದು ನಿಲ್ಲುವುದಿಲ್ಲ.

ನನ್ನ ಲೆಕ್ಕ ಕೇಳಿ. ನಾನು 2025ರಲ್ಲಿ ಕೊಂಡೆ. ಬ್ಯಾಂಕು ಹಿಡಿದ ದರ 85 ರೂಪಾಯಿ, ಆದ್ದರಿಂದ 99 ಡಾಲರಿಗೆ 8,415. ಶೇಕಡಾ 3.5ರ ವಿನಿಮಯ ಶುಲ್ಕ 295, ಆ ಶುಲ್ಕದ ಮೇಲೆ ಶೇಕಡಾ 18ರ ಜಿಎಸ್‌ಟಿ 53. ಒಟ್ಟು 8,763 ರೂಪಾಯಿ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 243. ಕೋಪೈಲಟ್‌ಗೆ (ಕೋಡ್ ಬರೆಯಲು ನೆರವಾಗುವ ಎಐ) ತಿಂಗಳಿಗೆ 10 ಡಾಲರ್ ಕೊಡುವವರು ಇದನ್ನು ದುಬಾರಿ ಎನ್ನುವುದು ನನಗೆ ಅರ್ಥವಾಗುವುದಿಲ್ಲ.

ನಾನು ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುತ್ತೇನೆ. ಅಂಗಡಿಗೆ ಒಯ್ಯುವ ಲ್ಯಾಪ್‌ಟಾಪ್ ಹಳೆಯದು, 4 ಜಿಬಿ. ಟೆಂಡರಿನ ದಿನ ತೂಕದ ಚೀಟಿ ಒಂದು ಲೆಕ್ಕ ಹೇಳುತ್ತದೆ, ಬಿಲ್ಲು ಇನ್ನೊಂದು ಹೇಳುತ್ತದೆ, ರೈತರು ಸುತ್ತ ನಿಂತಿರುತ್ತಾರೆ. ಆಗ ತಂತ್ರಾಂಶ ಮಾಡಿದ್ದೆಲ್ಲ ದಾಖಲಾಗಿರುವ ಒಂದು ದೊಡ್ಡ ಲಾಗ್ ಕಡತವನ್ನು ತೆರೆದು ತಪ್ಪು ಎಲ್ಲಿದೆ ಎಂದು ತೋರಿಸಬೇಕು. ವಿಎಸ್ ಕೋಡ್ ನಿಂತಿರುವುದು ಎಲೆಕ್ಟ್ರಾನ್ ಮೇಲೆ, ಅಂದರೆ ಅದರ ಒಳಗೊಂದು ಬ್ರೌಸರೇ ಇದೆ, 4 ಜಿಬಿಗೆ ಅದು ಭಾರ. ಬ್ಯಾಟರಿ ಸತ್ತ ಆ ಯಂತ್ರಕ್ಕೆ ಕರೆಂಟ್ ಹೋಯಿತೆಂದರೆ ಎಲ್ಲ ಮುಗಿದಂತೆ. ಸಬ್ಲೈಮ್ ಮಾತ್ರ ಉಳಿಸದೆ ಬಿಟ್ಟ ಬರಹವನ್ನೂ ಇಟ್ಟುಕೊಂಡಿರುತ್ತದೆ.

ವಿದ್ಯಾನಗರ, ಹುಬ್ಬಳ್ಳಿ:

ಉಳಿಸದ ಬರಹವನ್ನು ಕಾಪಾಡುವ ಸೌಲಭ್ಯ ವಿಎಸ್ ಕೋಡಿನಲ್ಲಿಯೂ ವರ್ಷಗಳಿಂದ ಇದೆ. ಬಳಸಿ ನೋಡದೆ ಮಾತನಾಡಬಾರದು. 8,763 ರೂಪಾಯಿಯಲ್ಲಿ ಆ ಲ್ಯಾಪ್‌ಟಾಪಿಗೆ ರ್ಯಾಮ್, ಬ್ಯಾಟರಿ, ಎಸ್‌ಎಸ್‌ಡಿ ಮೂರನ್ನೂ ಹಾಕಿಸಿ ಮಿಕ್ಕ ಹಣದಲ್ಲಿ ಊಟ ಮಾಡಬಹುದಿತ್ತು. ತಾವು ಎಡಿಟರ್ ಕೊಂಡದ್ದಲ್ಲ, ಹಳೆಯ ಯಂತ್ರಕ್ಕೆ ಊರುಗೋಲು ಕೊಂಡಿದ್ದೀರಿ.

ಬ್ಯಾಡಗಿ ಲೆಕ್ಕ:

ಅದರ ರ್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿದೆ. ಯಂತ್ರವನ್ನು ನೋಡದೆ ಮಾತನಾಡಬಾರದು ಎಂಬ ನಿಯಮ ತಮಗೂ ಅನ್ವಯಿಸಲಿ. ಉಚಿತ ಎನ್ನುತ್ತೀರಲ್ಲ, ವಿಎಸ್ ಕೋಡಿಗೆ ಸೇರಿಸಿಕೊಳ್ಳುವ ಮೈಕ್ರೋಸಾಫ್ಟಿನ ಸಲಕರಣೆಗಳಾದ ಸಿ++ ಎಕ್ಸ್‌ಟೆನ್ಶನ್, ಪೈಲಾನ್ಸ್, ರಿಮೋಟ್ ಎಸ್‌ಎಸ್‌ಎಚ್ ಇವುಗಳ ಲೈಸೆನ್ಸನ್ನು ಒಮ್ಮೆ ಓದಿರಿ. ವಿಎಸ್ ಕೋಡಿನ ಮುಖ್ಯ ಕೋಡ್ ಎಲ್ಲರಿಗೂ ಮುಕ್ತವಾಗಿದ್ದರೂ ಇವು ಅವರದೇ ಉತ್ಪನ್ನಗಳಲ್ಲಿ ಮಾತ್ರ ಬಳಸಲು ಇರುವಂಥವು. ಗಿಟ್‌ಹಬ್ (ಕೋಡ್ ಇಟ್ಟು ಹಂಚಿಕೊಳ್ಳುವ ತಾಣ) ತಂದಿದ್ದ ಆಟಂ ಎಡಿಟರೂ ಉಚಿತವಾಗಿಯೇ ಇತ್ತು. ಮೈಕ್ರೋಸಾಫ್ಟ್ 2018ರಲ್ಲಿ ಗಿಟ್‌ಹಬ್ಬನ್ನು ಕೊಂಡಿತು, 2022ರ ಡಿಸೆಂಬರ್ 15ಕ್ಕೆ ಆಟಂ ಮುಗಿಯಿತು.

ಸಪ್ತಾಪುರ ಬೋಧಕ, ಧಾರವಾಡ:

ಇಬ್ಬರೂ ಸುಮ್ಮನೆ ಜಗಳವಾಡುತ್ತಿದ್ದೀರಿ. ನಾನು ಎರಡನೆಯ ಆವೃತ್ತಿಯ ಕಾಲದಿಂದ ಸಬ್ಲೈಮ್ ಬಳಸುತ್ತಿದ್ದೇನೆ, ಒಂದು ಪೈಸೆ ಕೊಟ್ಟಿಲ್ಲ. ಪರೀಕ್ಷಾ ಬಳಕೆಗೆ ಅವರು ಕಾಲಮಿತಿಯನ್ನು ಹೇರಿಲ್ಲ. ಪಾಪ್‌ಅಪ್ ಬಂದರೆ ಎಸ್ಕೇಪ್ ಒತ್ತಿದರಾಯಿತು. ತರಗತಿಯಲ್ಲಿ ಪ್ರೊಜೆಕ್ಟರ್ ಮೇಲೆ ಅದು ಮೂಡಿದಾಗ ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ.

ಬೆಟಗೇರಿ ಮುದ್ರಕ:

ಬೋಧಕರು ಅರ್ಧ ವಾಕ್ಯವನ್ನಷ್ಟೇ ಓದಿದ್ದಾರೆ. ಮುಂದುವರಿದು ಬಳಸುವುದಾದರೆ ಲೈಸೆನ್ಸ್ ಕೊಳ್ಳಲೇಬೇಕು ಎಂಬುದನ್ನೂ ಅದೇ ಜಾಗದಲ್ಲಿ ಬರೆದಿದ್ದಾರೆ. ಲೈನ್ ಬಜಾರಿನಲ್ಲಿ ರುಚಿ ನೋಡಲು ಕೊಟ್ಟ ಪೇಡೆಯನ್ನು ದಿನಾಲೂ ಹೋಗಿ ತಿಂದು ಬರುವವರನ್ನು ತಮ್ಮೂರಿನಲ್ಲಿ ಗಿರಾಕಿ ಎನ್ನುತ್ತಾರೆಯೇ? ಪುಸ್ತಕಗಳ ಜೆರಾಕ್ಸ್ ಮಾಡಿ ಹಂಚುವವರೂ ನಮ್ಮ ಮುದ್ರಣಾಲಯದವರಿಗೆ ಹೀಗೆಯೇ ನಗುತ್ತ ಉತ್ತರ ಕೊಡುತ್ತಾರೆ.

ಸಪ್ತಾಪುರ ಬೋಧಕ:

ಕಳ್ಳ ಎನ್ನುವುದಾದರೆ ನೇರವಾಗಿ ಅನ್ನಿರಿ. ನನ್ನ ಹುಡುಗರಿಗೆ ಇಲ್ಲಿ ಮೊದಲ ಕೆಲಸದಲ್ಲಿ ತಿಂಗಳಿಗೆ ಹದಿನೈದು ಸಾವಿರ ಸಿಕ್ಕರೆ ಹೆಚ್ಚು. ಸಿಡ್ನಿಯಲ್ಲಿರುವ ಕಂಪನಿ ಸಿಡ್ನಿಯವರಿಗೂ ಸಪ್ತಾಪುರದವರಿಗೂ ಒಂದೇ 99 ಡಾಲರ್ ಕೇಳಿದರೆ, ಅಲ್ಲಿ ಅದು ಅರ್ಧ ದಿನದ ದುಡಿಮೆಯೂ ಅಲ್ಲ, ಇಲ್ಲಿ ಅರ್ಧ ತಿಂಗಳಿನದು. ಬೆಲೆ ನ್ಯಾಯವೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ಅವರು ರೂಪಾಯಿಯಲ್ಲಿ ನಮ್ಮ ಸಂಬಳಕ್ಕೆ ತಕ್ಕ ಬೆಲೆ ಇಡಲಿ, ನಾನೇ ಮೊದಲು ಕೊಳ್ಳುತ್ತೇನೆ.

ಬ್ಯಾಡಗಿ ಲೆಕ್ಕ:

ಆ ಹುಡುಗರ ಜೇಬಿನಲ್ಲಿರುವ ಮೊಬೈಲಿನ ಬೆಲೆ ಎಷ್ಟೆಂದು ವಿಚಾರಿಸಿದ್ದೀರಾ? ಅದಕ್ಕೆ ಮಾತ್ರ ಕಂತು ಕಟ್ಟಲು ಆಗುತ್ತದೆ.

ರಾಣೆಬೆನ್ನೂರು ವಿಮ್:

ವಿಮ್ ಎಂಬ ಎಡಿಟರ್ 1991ರಿಂದ ಇದೆ, ಬೆಲೆ ಇಲ್ಲ. ಅದನ್ನು ಬರೆದ ಬ್ರಾಂ ಮೋಲೆನಾರ್ ಬಳಕೆದಾರರಲ್ಲಿ ಕೇಳಿಕೊಂಡದ್ದು ಇಷ್ಟೆ: ಸಾಧ್ಯವಾದರೆ ಉಗಾಂಡದ ಮಕ್ಕಳಿಗೆ ನೆರವಾಗಿ. ಅವರು 2023ರಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ನಾನು ಮೊದಲ ಬಾರಿಗೆ ಅಲ್ಲಿಗೆ ಹಣ ಕಳುಹಿಸಿದೆ. ಎಷ್ಟೆಂದು ಹೇಳುವುದಿಲ್ಲ, ತಮ್ಮ 99 ಡಾಲರಿಗಿಂತ ಕಡಿಮೆಯೇನೂ ಅಲ್ಲ.

ವಿದ್ಯಾನಗರ, ಹುಬ್ಬಳ್ಳಿ:

ವಿಮ್‌ನವರು ಬಂದರು. ಇನ್ನು ಈ ಚರ್ಚೆ ನಾಳೆ ಬೆಳಗಿನವರೆಗೂ ಮುಗಿಯುವುದಿಲ್ಲ.

ಕೇಶ್ವಾಪುರ, ಹುಬ್ಬಳ್ಳಿ:

ಎಲ್ಲರಿಗೂ ಧನ್ಯವಾದಗಳು. ಆದರೆ ಸ್ವಂತ ಹಣದಲ್ಲಿ ಕೊಂಡದ್ದನ್ನು ಕಚೇರಿಯ ಯಂತ್ರದಲ್ಲಿ ಬಳಸಬಹುದೇ ಎಂದು ಯಾರೂ ಹೇಳಲಿಲ್ಲ.

ಬ್ಯಾಡಗಿ ಲೆಕ್ಕ:

ಬಳಸಬಹುದು ಅಕ್ಕಾ. ವೈಯಕ್ತಿಕ ಲೈಸೆನ್ಸು ವ್ಯಕ್ತಿಗೆ ಸೇರಿದ್ದು, ತಾವೇ ಮುಖ್ಯವಾಗಿ ಬಳಸುವ ಯಂತ್ರಗಳಿಗೆಲ್ಲ ಒಂದೇ ಕೀ ಸಾಕು, ವಿಂಡೋಸ್ ಆದರೂ ಲಿನಕ್ಸ್ ಆದರೂ. ಸಂಸ್ಥೆಯ ಹಣದಲ್ಲಿ ಕೊಳ್ಳುವುದಾದರೆ ಮಾತ್ರ ಬೇರೆ ಲೈಸೆನ್ಸು, ಅದು ಒಬ್ಬರಿಗೆ ವರ್ಷಕ್ಕೆ 65 ಡಾಲರಿನ ಚಂದಾ. ಮಾಲೀಕರಿಗೆ ಆ ಅಂಕಿಯನ್ನು ಹೇಳುವ ಗೋಜಿಗೆ ಹೋಗಬೇಡಿ. ಕೊಳ್ಳುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರವನ್ನು ಆನ್ ಮಾಡಿ. 2020ರಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಪಾವತಿ ಮುಗಿದ ಕೂಡಲೆ ಮತ್ತೆ ಆಫ್ ಮಾಡಿ.

ವಿದ್ಯಾನಗರ, ಹುಬ್ಬಳ್ಳಿ:

ತಂಗೀ, ಆನ್ ಮಾಡುವ ಮೊದಲು ಒಂದು ವಾರ ವಿಎಸ್ ಕೋಡ್ ಬಳಸಿ ನೋಡಿರಿ. ಸೆಟ್ಟಿಂಗ್ಸ್ ಬೇಕಿದ್ದರೆ ನಾನು ಕಳುಹಿಸುತ್ತೇನೆ.

ಬೆಟಗೇರಿ ಮುದ್ರಕ:

ಅವರು ಕೇಳಿದ್ದು ಬೆಲೆಯನ್ನು, ತಮ್ಮ ಸೆಟ್ಟಿಂಗ್ಸನ್ನಲ್ಲ.